ಸ್ಪ್ರೇ ಪಂಪ್ ತೊಂದರೆ: ಮೆಕ್ಯಾನಿಕ್‌ಗೆ ಕೇಳಿ

ಮೆಕ್ಯಾನಿಕ್, ಗೋಣಿಕೊಪ್ಪ: ಮಳೆಗೆ ಮೊದಲು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ಮುಗಿಸುವ ಗಡಿಬಿಡಿ ಎಲ್ಲರಿಗೂ ಇದೆ. ಪಂಪಿನ ಪ್ರಶ್ನೆ ಇದ್ದರೆ ಊರ ಹೆಸರು ಹಾಕಿ ಈ ಗ್ರೂಪಿನಲ್ಲಿ ಕೇಳಿ.

ನಾಪೋಕ್ಲು: ಅಣ್ಣಾ, ಬೆನ್ನಿಗೆ ಹಾಕುವ ಪಂಪಿನಲ್ಲಿ ಪ್ರೆಶರ್ ನಿಲ್ಲುತ್ತಿಲ್ಲ.

ಮೆಕ್ಯಾನಿಕ್: ವಾಷರ್ ಸವೆದಿದೆಯಾ ನೋಡಿ. ವಾಲ್ವಿನ ಗುಂಡಿನಡಿ ಸುಣ್ಣದ ಹರಳು ಕೂತರೂ ಹೀಗೇ. ಸೋಸಿ ತುಂಬಿಸಿ.

ಸಿದ್ದಾಪುರ: ನಮ್ಮದು ಎಂಜಿನ್ ಪಂಪ್. ಸಿಲ್ವರ್ ಓಕ್ ಮೇಲಿನ ಮೆಣಸಿನ ಬಳ್ಳಿಯ ತುದಿಗೆ ಮುಟ್ಟುತ್ತಿಲ್ಲ. ಪ್ರೆಶರ್ ರೆಗ್ಯುಲೇಟರ್ ಪೂರ್ತಿ ಬಿಗಿ ಮಾಡಿದರೂ ಪ್ರೆಶರ್ ಗೇಜಿನ ಮುಳ್ಳು 20 ಕೆಜಿ ದಾಟುವುದಿಲ್ಲ. ಸ್ಪ್ರೇ ಗನ್ ಮುಚ್ಚಿದರೆ 45ಕ್ಕೆ ಹಾರುತ್ತದೆ, ಎಂಜಿನ್ ಮುಕ್ಕರಿಯುತ್ತದೆ. ಪೈಪ್ ಒಂದು ಕಡೆ ಉಬ್ಬಿದೆ.

ಮೆಕ್ಯಾನಿಕ್: ಮೊದಲು ಎಂಜಿನ್ ನಿಲ್ಲಿಸಿ. ಪಿಸ್ಟನ್ ಪಂಪ್ ಸುತ್ತಿದಷ್ಟೂ ನೀರು ತಳ್ಳುತ್ತಲೇ ಇರುತ್ತದೆ. ಗನ್ ಮುಚ್ಚಿದಾಗ ಆ ನೀರು ಡ್ರಮ್ಮಿಗೆ ವಾಪಸ್ ಬರಬೇಕು. ನೀವು ರೆಗ್ಯುಲೇಟರ್ ಸ್ಪ್ರಿಂಗ್ ಬಿಗಿದು ಆ ದಾರಿ ಕಟ್ಟಿದ್ದೀರಿ. ವಾಪಸ್ ಪೈಪಿನೊಳಗೆ ಸುಣ್ಣ ಕಟ್ಟಿದೆಯಾ ಅದನ್ನೂ ನೋಡಿ. ಉಬ್ಬಿದ ಜಾಗವನ್ನು ಕೈಯಲ್ಲಿ ಮುಟ್ಟಬೇಡಿ. ಸಣ್ಣ ತೂತಿನ ಧಾರೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಕೈ ಹಾಳಾಗುತ್ತದೆ. ಹಾಗಾದರೆ ನೋವಿಲ್ಲ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು 20 ದಾಟದಿರುವುದು. ಪ್ರೆಶರ್ ಹುಟ್ಟುವುದು ನಾಝಲ್ ಬಾಯಲ್ಲಿ, ನೀರಿಗೆ ತಡೆ ಸಿಕ್ಕಾಗ. ನಿಮ್ಮ ನಾಝಲ್ ಒಳಗಿನ ಡಿಸ್ಕಿನ ತೂತು ಸವೆದು ದೊಡ್ಡದಾಗಿರಬೇಕು. ಒಂದು ನಿಮಿಷದ ನೀರು ಬಕೆಟ್ಟಿಗೆ ಹಿಡಿದು ಅಳೆಯಿರಿ. ಅದೇ ಪ್ರೆಶರ್‌ನಲ್ಲಿ ಹೊಸ ಡಿಸ್ಕಿಗಿಂತ ಶೇ. 10 ಜಾಸ್ತಿ ಬಂದರೆ ಹಳೆಯದು ಬಿಸಾಡಿ. ರೆಗ್ಯುಲೇಟರ್ ಪೂರ್ತಿ ಸಡಿಲ ಮಾಡಿ ಶುರು ಮಾಡಿ, ಗನ್ ತೆರೆದಿಟ್ಟು ನಿಧಾನಕ್ಕೆ ಬಿಗಿ ಮಾಡಿ.

ಸುಂಟಿಕೊಪ್ಪ: ಫಾರ್ವರ್ಡ್ ಬಂದಿದೆ. ಡ್ರಮ್ಮಿಗೆ 4 ಪ್ಯಾಕೆಟ್ ಶಾಂಪೂ ಹಾಕಿದರೆ ಪ್ರೆಶರ್ ಡಬಲ್ ಅಂತೆ!

ಮೆಕ್ಯಾನಿಕ್: ನೊರೆ ಎಳೆದರೆ ಪಂಪಿಗೆ ಗಾಳಿ ಹೋಗುತ್ತದೆ, ಮುಳ್ಳು ಕುಣಿಯುತ್ತದೆ. ಇದನ್ನು ಬರೆದವರು ಒಮ್ಮೆಯಾದರೂ ಪಂಪ್ ಬಿಚ್ಚಿದ್ದಾರಾ? ಪಿನ್ನಿನಿಂದ ನಾಝಲ್ ತೂತು ಚುಚ್ಚುವ ವಿಡಿಯೋನೂ ಕಳಿಸಬೇಡಿ. ನಾಝಲ್‌ಗೆ ಬಾಯಿಟ್ಟು ಊದುವುದಂತೂ ಬೇಡವೇ ಬೇಡ.

ಶನಿವಾರಸಂತೆ: ಕಳೆ ಔಷಧಿಗೆ ಎಷ್ಟು ಪ್ರೆಶರ್ ಸಾರ್?

ಮೆಕ್ಯಾನಿಕ್: 1ರಿಂದ 1.5 ಬಾರ್. ಒಂದು ಬಾರ್ ಅಂದರೆ ಗೇಜಿನ ಒಂದು ಕೆಜಿ ಹೆಚ್ಚುಕಮ್ಮಿ. ಫ್ಲೋ ಕಂಟ್ರೋಲ್ ವಾಲ್ವ್ ಹಾಕಿಸಿ. ಕೈ ಎಷ್ಟು ಜೋರಾಗಿ ಆಡಿಸಿದರೂ ನಾಝಲ್‌ಗೆ ಒಂದೇ ಪ್ರೆಶರ್. ತೀರಾ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ಮಾದಾಪುರ: ಸುಮ್ನೆ ಖರ್ಚು. ಪ್ರೆಶರ್ ಜಾಸ್ತಿ ಕೊಟ್ಟರೆ ಬೇಗ ಮುಗಿಯುತ್ತದೆ.

ಶನಿವಾರಸಂತೆ: ಹಾಗೆ ಮುಗಿಸಿದವರಿಂದಲೇ ನನ್ನ ಎಳೆ ಬಳ್ಳಿ ಸುಟ್ಟು ಹೋದದ್ದು.

ಮಾದಾಪುರ: ಅದು ಸೊರಗು ರೋಗ. ಎಲ್ಲದಕ್ಕೂ ಪಕ್ಕದ ತೋಟದವರೇ ಕಾರಣನಾ?

ಶನಿವಾರಸಂತೆ: ಬೇಲಿ ಪಕ್ಕದ ಸಾಲಿಗೆ ಮಾತ್ರ ರೋಗ ಬಂತಾ? ಕೆಲಸದವರಿಗೆ ಮಾಸ್ಕ್ ಆದರೂ ಕೊಡ್ತೀರಾ ನೀವು?

ವಿರಾಜಪೇಟೆ: ಬ್ಯಾಟರಿ ಪಂಪ್ ರಾತ್ರಿಯಿಡೀ ಚಾರ್ಜಿಗೆ ಇಡಬಹುದಾ?

ಮಾದಾಪುರ: ನಮ್ಮ ಕೆಲಸದವರ ವಿಷಯ ನಿಮಗ್ಯಾಕೆ?

ಮೆಕ್ಯಾನಿಕ್: ಪ್ರೆಶರ್ ಏರಿದರೆ ಹನಿ ಸಣ್ಣದಾಗುತ್ತದೆ, ಗಾಳಿಗೆ ಹಾರುತ್ತದೆ. ನೀರು ಎರಡು ಪಟ್ಟು ಬೇಕಾದರೆ ಪ್ರೆಶರ್ ನಾಲ್ಕು ಪಟ್ಟು ಬೇಕು. ಬೇಗ ಮುಗಿಸಬೇಕಾದರೆ ನಾಝಲ್ ಬದಲಿಸಿ. ಬೇಲಿ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಪಾಲಿಬೆಟ್ಟ: ಬೆನ್ನಿನ ಪಂಪಿಗೆ ಪ್ರೆಶರ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಮೆಕ್ಯಾನಿಕ್: ಮೇಲೆ ಓದಿ.

ಸಿದ್ದಾಪುರ: ಹೊಸ ಡಿಸ್ಕ್ ಹಾಕಿದೆ, ಮುಳ್ಳು 28. ತುದಿ ಮುಟ್ಟಿತು! ಉಬ್ಬಿದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದೇವೆ. ಈ ವರ್ಷಕ್ಕೆ ಸಾಕಲ್ವಾ?

ಮೆಕ್ಯಾನಿಕ್: ಸಾಕಾಗಲ್ಲ. ಆ ತುಂಡು ಕತ್ತರಿಸಿ ಫೋಟೋ ಹಾಕಿ. ಅಲ್ಲಿಯವರೆಗೆ ಬೇರೆ ಯಾರಿಗೂ ಉತ್ತರ ಕೊಡಲ್ಲ.