ಪದಚರ್ಚೆ: ನೆಟ್ ‘ಹಂಚಿಕೊಳ್ಳಿ’ ಅಂದರೆ ಯಾವ ಹಂಚಿಕೆ?

ಎಲ್ಲರಿಗೂ ನಮಸ್ಕಾರ.

ಕಡೂರು ಕಡೆಯ ಒಂದು ದೊಡ್ಡ ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲ್ಯಾಬು, ಆಫೀಸು, ಹಾಸ್ಟೆಲು ಎಲ್ಲಾ ಸೇರಿ 200 ಕಂಪ್ಯೂಟರ್. ಹೊರಗಿನಿಂದ ಬರುವುದು 100 ಎಂಬಿಪಿಎಸ್‌ನ ಒಂದೇ ಲೈನು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 100 ಮೆಗಾಬಿಟ್ (10 ಕೋಟಿ ಬಿಟ್) ಡೇಟಾ. ಹೋದ ತಿಂಗಳು ಗೋಡೆಗೆ ಒಂದು ಚೀಟಿ ಅಂಟಿಸಿದೆ: ‘ಇಂಟರ್ನೆಟ್ ಎಲ್ಲರದ್ದು, ಹಂಚಿಕೊಂಡು ಬಳಸಿ.’ ಮೂರೇ ದಿನದಲ್ಲಿ ವೈಫೈ ಪಾಸ್‌ವರ್ಡ್ ಇಡೀ ಹಾಸ್ಟೆಲಿಗೆ ಗೊತ್ತಾಗಿತ್ತು. ಎಂಟನೇ ಕ್ಲಾಸಿನ ಹುಡುಗನನ್ನು ಹಿಡಿದು ಕೇಳಿದರೆ, ‘ನೀವೇ ಹಂಚ್ಕೊಳ್ಳಿ ಅಂತ ಬರ್ದಿದ್ರಲ್ಲ ಸಾರ್’ ಅಂದ. ಬೈಯೋಕೂ ಬಾಯಿ ಬರಲಿಲ್ಲ.

ಅವನ ತಪ್ಪೇನಿಲ್ಲ. ನಾವು ಚಿಕ್ಕವರಿದ್ದಾಗ ಕೊಬ್ಬರಿ ಮಿಠಾಯಿ ಹಂಚಿಕೊಂಡರೆ ನನ್ನದು ಕಮ್ಮಿಯಾಗುತ್ತಿತ್ತು. ಈಗ ವಾಟ್ಸಾಪಿನಲ್ಲಿ ಫೋಟೋ ಹಂಚಿಕೊಂಡರೆ ಯಾರದ್ದೂ ಕಮ್ಮಿಯಾಗುವುದಿಲ್ಲ. ಮಕ್ಕಳಿಗೆ ಈ ಅರ್ಥವೇ ಮೊದಲು ಹೊಳೆಯುತ್ತದೆ. ನೆಟ್ ಲೈನು ಮಾತ್ರ ಮಿಠಾಯಿ ಜಾತಿಯದ್ದು.

ಹಾಗಾದರೆ ‘ಪಾಲು’ ಅನ್ನೋಣವೇ? ಲೆಕ್ಕಕ್ಕೆ ತಲೆಗೆ ಅರ್ಧ ಎಂಬಿಪಿಎಸ್ ಬರುತ್ತದೆ, ಆದರೆ ಯಾರೂ ಹಾಗೆ ಕತ್ತರಿಸಿ ಇಟ್ಟಿರುವುದಿಲ್ಲ. ಡೇಟಾ ಸಣ್ಣ ಸಣ್ಣ ಪ್ಯಾಕೆಟ್ಟಾಗಿ ಒಂದರ ಹಿಂದೆ ಒಂದು ಹೋಗುತ್ತದೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ (ಒಂದು ಬೈಟ್ ಅಂದರೆ 8 ಬಿಟ್). ನಮ್ಮ ಲೈನಿನಲ್ಲಿ ಅಂಥವು ಸೆಕೆಂಡಿಗೆ 8 ಸಾವಿರ ದಾಟಬಹುದು. ಪಕ್ಕದವನು ಸುಮ್ನೆ ಕೂತಿದ್ದರೆ ಅವನ ಜಾಗದಲ್ಲೂ ನನ್ನದೇ ಹೋಗುತ್ತದೆ. ಅಂದರೆ ಇದು ಪಾಲಲ್ಲ, ಪಾಳಿ. ಆದರೆ ಹಾಸ್ಟೆಲಿನಲ್ಲಿ ಪಾಳಿ ಅಂದರೆ ಬೆಳಗ್ಗೆ ಬಿಸಿನೀರಿನ ಸಾಲು! ‘ನಮ್ಮ ಪಾಳಿ ಎಷ್ಟು ಗಂಟೆಗೆ ಸಾರ್?’ ಅಂತ ಬಂದು ನಿಲ್ಲುತ್ತಾರೆ.

ನಮ್ಮ ಅಟೆಂಡರ್ ಸಖರಾಯಪಟ್ಟಣದ ಅಯ್ಯನಕೆರೆ ಕೆಳಗಿನ ಊರಿನವರು. ನಾನು ರೂಟರಿನಲ್ಲಿ (ಹೊರಗಿನ ಲೈನನ್ನು ಒಳಗಿನ ಕಂಪ್ಯೂಟರುಗಳಿಗೆ ಜೋಡಿಸುವ ಪೆಟ್ಟಿಗೆ) ಒಬ್ಬೊಬ್ಬರಿಗೆ 5 ಎಂಬಿಪಿಎಸ್ ದಾಟದ ಹಾಗೆ ಮಿತಿ ಹಾಕುತ್ತಿದ್ದೆ. ನಿಂತು ನೋಡಿದವರು, ‘ಇದು ನೀರುಗಂಟಿ ಕೆಲ್ಸ ಅಲ್ವಾ ಸಾರ್’ ಅಂದರು. ನೀರುಗಂಟಿ ಅಂದರೆ ಕೆರೆಯ ತೂಬು (ಗದ್ದೆಗೆ ನೀರು ಬಿಡುವ ಕಂಡಿ) ಎತ್ತಿ ಇಳಿಸುವವನು; ಮೇಲಿನ ಗದ್ದೆಯವನೇ ನೀರೆಲ್ಲಾ ಎಳೆದುಕೊಂಡು ಕೊನೇ ಗದ್ದೆ ಒಣಗದ ಹಾಗೆ ನೋಡಿಕೊಳ್ಳುವವನು. ರೂಟರಿಗೆ ಇದಕ್ಕಿಂತ ಒಳ್ಳೇ ಹೆಸರು ನನಗಂತೂ ಹೊಳೆದಿಲ್ಲ. ಅದೇ ದಾರಿಯಲ್ಲಿ, ಲೈನಿನಲ್ಲಿ ಸೆಕೆಂಡಿಗೆ ಎಷ್ಟು ಡೇಟಾ ಹೋಗಬಹುದು ಅನ್ನುವ ಅಳತೆಗೆ, ಅಂದರೆ ಬ್ಯಾಂಡ್‌ವಿಡ್ತ್‌ಗೆ ‘ತೂಬಳತೆ’ ಅನ್ನಬಹುದೇ? ಕೆರೆ ತುಂಬಿದ್ದರೂ ಬರುವುದು ತೂಬಿನಷ್ಟೇ ನೀರು. ಎಲ್ಲೋ ನೋಡಿದ ‘ಪಟ್ಟಿಯಗಲ’ ಬೇಡವೇ ಬೇಡ, ಅದು ದರ್ಜಿ ಅಂಗಡಿಯ ಮಾತು. ಅನುಮಾನ ಒಂದೇ: ಈಗ ಎಲ್ಲಾ ಕಡೆ ಬೋರ್‌ವೆಲ್ಲು, ಡ್ರಿಪ್ಪು. ನಮ್ಮ ಮಕ್ಕಳಲ್ಲಿ ತೂಬು ನೋಡಿದವರೆಷ್ಟು?

ಇನ್ನೊಂದು ಪದವೂ ಬೇಕು. ಒಳಗೆ ಪ್ರತಿ ಕಂಪ್ಯೂಟರಿಗೂ 192.168 ಅಂತ ಶುರುವಾಗುವ ಬೇರೆ ಬೇರೆ ಅಂಕಿ ವಿಳಾಸ (ಐಪಿ ಅಡ್ರೆಸ್) ಇದ್ದರೂ ಹೊರಗಿನವರಿಗೆ ಕಾಣುವುದು ಇಡೀ ಶಾಲೆಗೆ ಒಂದೇ. ಈ ಏರ್ಪಾಡನ್ನು ನ್ಯಾಟ್ ಅನ್ನುತ್ತಾರೆ. ಹಿಂದೆ ಹಾಸ್ಟೆಲಿಗೆ ಬರುವ ಕಾಗದದ ಮೇಲೆ ‘ಕೇರಾಫ್ ಹೆಡ್‌ಮಾಸ್ಟರ್’ ಅಂತ ಬರೆಯುತ್ತಿದ್ದರಲ್ಲ, ಹಾಗೇ. ‘ಕೇರಾಫ್ ವಿಳಾಸ’ ಅಂದರೆ ನಗುತ್ತೀರೋ?

ಹಾಸನ, ಅರಸೀಕೆರೆ ಕಡೆಯವರು ನೀರಿನ ಸರದಿಗೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಹಳೇ ಚೀಟಿಯಲ್ಲಿ ‘ಹಂಚಿಕೊಂಡು’ ಅನ್ನುವುದರ ಮೇಲೆ ಸದ್ಯಕ್ಕೆ ಬಿಳಿ ಕಾಗದ ಅಂಟಿಸಿದ್ದೇನೆ.