ಅಪ್‌ಡೇಟ್: ತಮ್ಮನಿಗೆ ಫೈಬರ್ ಕೆಲಸ ಕಲಿಯಲು ಜಾಗ ಸಿಕ್ಕಿತು

ಸೋಮವಾರಪೇಟೆ ಕಡೆಯ ಹುಡುಗನಿಗೆ ಬ್ರಾಡ್‌ಬ್ಯಾಂಡ್ ಟೆಕ್ನಿಷಿಯನ್ ತರಬೇತಿ ದುಡ್ಡಿಲ್ಲದೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆನಲ್ಲ, ಕೆಲಸ ಆಯಿತು.

ಪಿಎಂಕೆವಿವೈ (ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ) ಉಚಿತ ಕೋರ್ಸ್ ಹೇಳಿದವರಿಗೆ ಥ್ಯಾಂಕ್ಸ್, ಆದರೆ ನಮಗೆ ಹತ್ತಿರದಲ್ಲಿ ಫೈಬರ್ ಬ್ಯಾಚ್ ಸಿಗಲಿಲ್ಲ. ಬೆಂಗಳೂರಿನ ಖಾಸಗಿ ಕೋರ್ಸನ್ನು ಫೀಸು ಕೇಳಿಯೇ ಕೈಬಿಟ್ಟೆವು.

ಕೈ ಹಿಡಿದದ್ದು ಅಪ್ರೆಂಟಿಸ್‌ಶಿಪ್, ಅಂದರೆ ಸಂಸ್ಥೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ಸಲಹೆ. ಕುಶಾಲನಗರದ ಕೇಬಲ್ ಇಂಟರ್ನೆಟ್‌ನವರೊಬ್ಬರು ಒಪ್ಪಿದರು. ನನಗೆ ಗೊತ್ತೇ ಇರದ ವಿಷಯ ಏನೆಂದರೆ, 30 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಆದರೆ 4 ಜನರ ಸಣ್ಣ ಆಫೀಸೂ ಬೇಕಾದರೆ ತೆಗೆದುಕೊಳ್ಳಬಹುದು. ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ) ಅಡಿ ಸ್ಟೈಪೆಂಡ್‌ನ (ಕಲಿಯುವಾಗ ಕೊಡುವ ಭತ್ಯೆಯ) 25%, ತಿಂಗಳಿಗೆ ಗರಿಷ್ಠ 1,500 ರೂ., ಕೇಂದ್ರ ಸರ್ಕಾರ ಹುಡುಗನ ಖಾತೆಗೇ ಹಾಕುತ್ತದೆ. ಇದನ್ನು ಹೇಳಿದ ಮೇಲೆಯೇ ಮಾಲೀಕರ ಮುಖ ಅರಳಿದ್ದು! ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದೆಯಾ ಎಂದು ಮೊದಲೇ ನೋಡಿಕೊಳ್ಳಿ.

ಈಗ ತಮ್ಮ ಸ್ಪ್ಲೈಸಿಂಗ್, ಅಂದರೆ ಫೈಬರ್ ಎಳೆಗಳನ್ನು ಜೋಡಿಸುವುದನ್ನು ಕಲಿಯುತ್ತಿದ್ದಾನೆ. 125 ಮೈಕ್ರಾನ್ ಗಾಜಿನ ಎಳೆ, ಕೂದಲಿನಷ್ಟೇ ದಪ್ಪ. ಆಲ್ಕೋಹಾಲ್‌ನಲ್ಲಿ ಒರೆಸಿ, ತುದಿ ನೇರವಾಗಿ ಕತ್ತರಿಸಿ ಮಷಿನ್‌ನಲ್ಲಿಟ್ಟರೆ ಕಿಡಿ ಹಾರಿ ಬೆಸುಗೆ ಬೀಳುತ್ತದೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಮಾಮೂಲಿ ಅಲ್ವಾ, ಕೆಲಸಕ್ಕೇನೂ ಬರ ಇಲ್ಲ.