ಹಳೆಯ ಜಿನ್ನಿಂಗ್ ಮಿಲ್ ಜಾಗದಲ್ಲಿ ಅಂಗಡಿ–ವಸತಿ ಸಂಕೀರ್ಣ: ಆಕ್ಷೇಪಣೆ ಸಲ್ಲಿಸಿದವರ ಅನುಭವ ಬೇಕಾಗಿದೆ

ಪ್ರಶ್ನೆ, ರಾಯಚೂರಿನಿಂದ

ನಮ್ಮ ಓಣಿಯ ತುದಿಯಲ್ಲಿ ಬಹಳ ವರ್ಷಗಳಿಂದ ಬಾಗಿಲು ಹಾಕಿರುವ ಹತ್ತಿ ಜಿನ್ನಿಂಗ್ ಮಿಲ್ ಒಂದಿದೆ. ಸುಮಾರು ಒಂದೂವರೆ ಎಕರೆಯ ಆ ಜಾಗದ ಭೂ ಉಪಯೋಗವನ್ನು ಕೈಗಾರಿಕೆಯಿಂದ ಮಿಶ್ರ ಬಳಕೆಗೆ ಬದಲಾಯಿಸಲು ಅರ್ಜಿ ಬಂದಿದೆಯೆಂದೂ, ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಸಲ್ಲಿಸಬೇಕೆಂದೂ ಕಳೆದ ಸೋಮವಾರ ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಕೆಳಗಿನ ಎರಡು ಅಂತಸ್ತುಗಳಲ್ಲಿ ಅಂಗಡಿಗಳು, ಮೇಲೆ 80 ಫ್ಲಾಟುಗಳು, ನೆಲದಡಿ ವಾಹನ ನಿಲುಗಡೆ ಎಂದು ಕೇಳಿಬರುತ್ತಿದೆ. ಓಣಿಯ ಕೆಲವರು ಪೂರ್ತಿ ವಿರೋಧಿಸಬೇಕು ಎನ್ನುತ್ತಾರೆ. ಹಾವು ಹುಳ ಸೇರಿಕೊಂಡಿರುವ ಆ ಪಾಳು ಜಾಗಕ್ಕಿಂತ ಕಟ್ಟಡವೇ ಮೇಲು ಎನ್ನುವವರೂ ಇದ್ದಾರೆ. ಇಂಥ ಸಂದರ್ಭದಲ್ಲಿ ಅರ್ಜಿ ಬರೆದು ಓಡಾಡಿದವರು ಏನು ಮಾಡಿದಿರಿ, ಏನು ಫಲ ಸಿಕ್ಕಿತು ಎಂಬುದನ್ನು ದಯವಿಟ್ಟು ಹಂಚಿಕೊಳ್ಳಿ.

ಉತ್ತರ, ಬಳ್ಳಾರಿಯಿಂದ

ನಮ್ಮ ಬಡಾವಣೆಯ ಮೂಲೆಯಲ್ಲಿದ್ದ ಹಳೆಯ ಗೋದಾಮಿನ ಜಾಗಕ್ಕೆ ಇಂಥದೇ ಅರ್ಜಿ ಬಂದಾಗ ನಾನು ಎಂಟು ತಿಂಗಳು ಓಡಾಡಿದ್ದೇನೆ. ನಾವು ತಡವಾಗಿ ತಿಳಿದುಕೊಂಡದ್ದನ್ನು ನೀವು ಮೊದಲೇ ತಿಳಿದಿರಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಈಗ ನಿಮ್ಮ ಮುಂದಿರುವುದು ಯಾವ ಹಂತ ಎಂಬುದು ಸ್ಪಷ್ಟವಾಗಬೇಕು. ನಮ್ಮಲ್ಲಿ ‘ಎನ್.ಎ. (ಕೃಷಿಯೇತರ ಪರಿವರ್ತನೆ) ಆಗಿದೆಯಲ್ಲ, ಇನ್ನು ಮಾಡುವುದೇನಿದೆ’ ಎಂದು ಹಲವರು ಕೈಚೆಲ್ಲಿದ್ದರು. ಕೃಷಿ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ವಿಷಯ. ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೈಗಾರಿಕೆ ಎಂದು ಬಣ್ಣ ಹಚ್ಚಿರುವ ಜಾಗವನ್ನು ಮಿಶ್ರ ಬಳಕೆಗೆ ತರುವುದು ಅದರಿಂದ ಬೇರೆಯಾದ ಪ್ರಕ್ರಿಯೆ. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ನಡೆಯುತ್ತದೆ. ಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನಗಳ ಕಾಲಾವಕಾಶ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ಅದೇ ಕಲಮು ಹೇಳುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕೆಂಬ ಮಾತೂ ಅಲ್ಲಿಯೇ ಇದೆ; ನಿಮ್ಮ ಪತ್ರ ನಿಲ್ಲಬೇಕಾದದ್ದು ಆ ಮಾತಿನ ಮೇಲೆ. ಮುಂದೆ ಕಟ್ಟಡದ ನಕ್ಷೆ ಮಂಜೂರಾತಿಗೆ ಹೋದಾಗ ನಿಮ್ಮನ್ನು ಯಾರೂ ಹೀಗೆ ಕರೆದು ಕೇಳುವುದಿಲ್ಲ. ಪರಿಸರ ಅನುಮತಿಯ ವೇಳೆ ಹೇಳಿಕೊಳ್ಳೋಣ ಎಂದುಕೊಂಡರೆ ಅದೂ ಆಗದು. 2006ರ ಅಧಿಸೂಚನೆಯ ಪ್ರಕಾರ ಕಟ್ಟಡಗಳಿಗೆ ಅಂಥ ಅನುಮತಿ ಬೇಕಾಗುವುದು ಕಟ್ಟಡದ ಒಟ್ಟು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರಿನಿಂದ ಮೇಲಿದ್ದಾಗ, ಹಾಗೆ ಬೇಕಾದಾಗಲೂ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಆದ್ದರಿಂದ ಈ 15 ದಿನಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಬಳಸಿಕೊಳ್ಳಿ.

ನಾವು ಮಾಡಿದ ದೊಡ್ಡ ತಪ್ಪೆಂದರೆ ಒಂದೇ ಒಕ್ಕಣೆಯ ಪತ್ರಕ್ಕೆ 140 ಜನರ ಸಹಿ ಮಾಡಿಸಿ ಕೊಟ್ಟದ್ದು. ‘ಈ ಕಟ್ಟಡದಿಂದ ನಿವಾಸಿಗಳಿಗೆ ತುಂಬಾ ತೊಂದರೆಯಾಗುತ್ತದೆ’ ಎಂದಷ್ಟೇ ಅದರಲ್ಲಿತ್ತು. ವಿಚಾರಣೆಗೆ ಕರೆದ ದಿನ ಅಧಿಕಾರಿಯೊಬ್ಬರು ಬಹಳ ಸಮಾಧಾನದಿಂದಲೇ ‘ಯಾವ ತೊಂದರೆ, ಎಷ್ಟು, ಎಲ್ಲಿ?’ ಎಂದು ಕೇಳಿದರು. ಹನ್ನೊಂದು ಜನ ಹೋಗಿದ್ದೆವು. ಉತ್ತರ ಕೊಡಲು ಒಬ್ಬರ ಬಳಿಯೂ ಏನೂ ಇರಲಿಲ್ಲ. ಪುಣ್ಯಕ್ಕೆ ಲಿಖಿತ ವಿವರ ಸಲ್ಲಿಸಲು ಒಂದು ವಾರ ಕೊಟ್ಟರು.

ಮರುದಿನ ಬೆಳಿಗ್ಗೆ ಐದೂವರೆಗೆ, ಗಾಡಿಗಳು ಓಡಾಡುವ ಮೊದಲೇ, ಗಾರೆ ಮೇಸ್ತ್ರಿಯೊಬ್ಬರಿಂದ 30 ಮೀಟರಿನ ಟೇಪ್ ಪಡೆದು ಮೂವರು ರಸ್ತೆಗೆ ಇಳಿದೆವು. ಅರ್ಜಿಯ ಜೊತೆಗಿದ್ದ ನಕ್ಷೆಯಲ್ಲಿ ರಸ್ತೆಯ ಅಗಲ ಉದ್ದಕ್ಕೂ 12 ಮೀಟರ್ ಎಂದಿತ್ತು. ಮುಖ್ಯರಸ್ತೆ ಕೂಡುವ ಬಾಯಿಯಲ್ಲಿ ಅದು ನಿಜವೂ ಆಗಿತ್ತು. ನಡುವಿನಲ್ಲಿ 9.2 ಮೀಟರ್ ಬಂತು. ಟ್ರಾನ್ಸ್‌ಫಾರ್ಮರ್ ಇರುವ ಕಡೆ ಚರಂಡಿಯ ಕಲ್ಲಿನಿಂದ ಕಲ್ಲಿಗೆ ಹಿಡಿದರೆ 7.8 ಮೀಟರ್ ಮಾತ್ರ. ಅಳತೆ ಹಿಡಿದ ಒಂದೊಂದು ಕಡೆಯೂ ಚರಂಡಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದೆವು. ನೆಲದಡಿಯ ವಾಹನ ನಿಲುಗಡೆಗೆ ಇಳಿಯುವ ಇಳಿಜಾರನ್ನು ಅವರು ತೋರಿಸಿದ್ದು ಆ 7.8 ಮೀಟರಿನ ಎದುರಿಗೇ. ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಯಾವ ಬಳಕೆಗೆ, ಎಷ್ಟು ಎತ್ತರಕ್ಕೆ, ಎಷ್ಟು ಅಗಲದ ರಸ್ತೆ ಬೇಕು ಎಂಬ ಪಟ್ಟಿಯೇ ಇರುತ್ತದೆ. ನಮ್ಮ ಅಂಕಿಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಒಂದು ಪುಟದಲ್ಲಿ ಬರೆದುಕೊಟ್ಟಾಗ, 140 ಸಹಿಗಳಿಗೆ ಸಿಗದ ಬೆಲೆ ಆ ಪುಟಕ್ಕೆ ಸಿಕ್ಕಿತು. ಅಧಿಕಾರಿಗಳು ತಾವೇ ಬಂದು ಅಳೆದರು.

ಕೊನೆಗೆ ಅರ್ಜಿ ತಿರಸ್ಕೃತವಾಗಲಿಲ್ಲ, ಷರತ್ತುಗಳೊಡನೆ ಒಪ್ಪಿಗೆಯಾಯಿತು. ಅಂಗಡಿಗಳ ಪ್ರವೇಶ ಮುಖ್ಯರಸ್ತೆಯ ಕಡೆಯಿಂದ ಮಾತ್ರ ಎಂದಾಯಿತು, ಇಳಿಜಾರೂ ಆ ಕಡೆಗೆ ಸರಿಯಿತು. ನಾನು ಇದನ್ನು ಸೋಲೆಂದು ಎಣಿಸುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ನಮ್ಮ ಊರುಗಳಿಗೆ ಹೊಸದೇನಲ್ಲ, ನಮ್ಮ ಹಳೆಯ ಬಜಾರುಗಳೆಲ್ಲ ಹಾಗೆಯೇ ಬೆಳೆದವು. ವಯಸ್ಸಾದ ನನ್ನ ತಾಯಿ ಈಗ ಔಷಧ ಅಂಗಡಿಗೆ ನಡೆದೇ ಹೋಗಿ ಬರುತ್ತಾರೆ. ಆದರೆ ಸರಕು ಇಳಿಸುವ ವೇಳೆಯ ಬಗ್ಗೆ ನಾವು ಒಂದು ಮಾತೂ ಬರೆದಿರಲಿಲ್ಲ. ಕೆಳಗಿನ ಅಂಗಡಿಗಳಲ್ಲಿ ನಾಲ್ಕನ್ನು ಜೀನ್ಸ್ ಸಗಟು ವ್ಯಾಪಾರದವರು ಹಿಡಿದರು. ಸಂಜೆ ಏಳಕ್ಕೆ ಮಕ್ಕಳು ಟ್ಯೂಷನ್‌ನಿಂದ ಸೈಕಲ್ಲಿನಲ್ಲಿ ಬರುವ ಹೊತ್ತಿಗೇ ಬಂಡಲ್‌ಗಳ ಗೂಡ್ಸ್ ಆಟೊಗಳು ಸಾಲುಗಟ್ಟಿ ನಿಲ್ಲುತ್ತವೆ. ಆದೇಶದಲ್ಲಿ ಒಂದು ಸಾಲು ಇದ್ದಿದ್ದರೆ ಅದನ್ನು ತಡೆಯಬಹುದಿತ್ತು. ಈಗ ಕೇಳಿದರೆ ‘ಷರತ್ತಿನಲ್ಲಿ ಇಲ್ಲವಲ್ಲ’ ಎಂಬ ಉತ್ತರ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಬದಲಾಗುವುದು ಜಾಗದ ಉಪಯೋಗ. ಅರ್ಜಿದಾರರು ಈಗ ತೋರಿಸುವ ಚಂದದ ಚಿತ್ರಕ್ಕೆ ಅವರು ಕಟ್ಟುಬಿದ್ದಿರುವುದಿಲ್ಲ. ಉಪಯೋಗ ಬದಲಾದ ಮೇಲೆ ಜಾಗ ಬೇರೆಯವರ ಕೈಗೆ ಹೋಗಬಹುದು, ನಕ್ಷೆಯೂ ಬದಲಾಗಬಹುದು. ಆದ್ದರಿಂದ ಅವರು ಬಾಯಿಮಾತಿನಲ್ಲಿ ಒಪ್ಪಿದ್ದೆಲ್ಲವನ್ನೂ ಆದೇಶದ ಷರತ್ತಾಗಿಯೇ ದಾಖಲಿಸಬೇಕೆಂದು ನಿಮ್ಮ ಪತ್ರದಲ್ಲಿ ಕೇಳಿ.

ಉತ್ತರ, ರಾಯಚೂರಿನಿಂದಲೇ

ಕಟ್ಟಡ ಕಾಮಗಾರಿಗಳಲ್ಲಿ ಮೂವತ್ತು ವರ್ಷ ದುಡಿದವನಾಗಿ ನೀರು ಮತ್ತು ಮಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ.

ನೆಲದಡಿ ಒಳಚರಂಡಿ ಇರುವ ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ರೂಢಿಯಲ್ಲಿರುವ ಮಾನದಂಡ. 80 ಮನೆ, ಮನೆಗೆ ಐದು ಜನ ಎಂದು ಹಿಡಿದರೆ ದಿನಕ್ಕೆ 54,000 ಲೀಟರ್, ಅಂದರೆ 5,000 ಲೀಟರಿನ ಹನ್ನೊಂದು ಟ್ಯಾಂಕರ್. ಅಂಗಡಿಗಳ ಲೆಕ್ಕ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ ಬೇಸಿಗೆಯ ತಿಂಗಳುಗಳಲ್ಲಿ ರಾಂಪುರ ಜಲಾಶಯದಲ್ಲಿ ತುಂಬಿಟ್ಟ ನೀರನ್ನು ನಮ್ಮ ಊರು ಹೇಗೆ ಅಳೆದು ಬಳಸುತ್ತದೆಂಬುದು ನಿಮಗೆ ಗೊತ್ತಿರುವುದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಿನ ಆ ಒಂದು ವಾರ ನಾನಂತೂ ನೆಮ್ಮದಿಯಿಂದ ನಿದ್ದೆ ಮಾಡಲಿಲ್ಲ. ಆದ್ದರಿಂದ ‘ನೀರು ಎಲ್ಲಿಂದ’ ಎಂಬ ಪ್ರಶ್ನೆಯನ್ನು ಹೀಗೆ ಕೇಳಿ: ಈ 54,000 ಲೀಟರಿನಲ್ಲಿ ನಗರದ ಕೊಳವೆಯಿಂದ ಎಷ್ಟು, ಕೊಳವೆಬಾವಿಯಿಂದ ಎಷ್ಟು, ಅದಕ್ಕೆ ಒಪ್ಪಿಗೆ ಪತ್ರ ಕಡತದಲ್ಲಿದೆಯೇ? ಬಳಸಿದ ನೀರು ಹೋಗುವ ಚರಂಡಿಯ ವ್ಯಾಸ ಎಷ್ಟು?

ಮಣ್ಣಿನದು ಇದಕ್ಕಿಂತ ಹತ್ತಿರದ ಚಿಂತೆ. ನಮ್ಮಲ್ಲಿ ಬಹಳ ಕಡೆ ಇರುವುದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನೆಲದಡಿಯ ಅಂತಸ್ತಿಗೆ ಗುಂಡಿ ತೋಡಿ, ಜಿನುಗುವ ನೀರನ್ನು ಹಗಲು ರಾತ್ರಿ ಮೋಟಾರಿನಿಂದ ಎತ್ತತೊಡಗಿದರೆ ಪಕ್ಕದ ಮನೆಗಳ ಕೆಳಗಿನ ಎರೆ ಒಣಗಿ ಕುಗ್ಗುತ್ತದೆ. ಎರಡು ಅಡಿ ಆಳದ ಕಲ್ಲಿನ ತಳಪಾಯದ ಹಳೆಯ ಮನೆಗಳು ಅದನ್ನು ತಡೆದುಕೊಳ್ಳುವುದಿಲ್ಲ. ಗೋಡೆ ಬಿರುಕು ಬಿಟ್ಟ ಮೇಲೆ ‘ಇದು ಮೊದಲೇ ಇತ್ತು’ ಎಂಬ ವಾದ ಬರುತ್ತದೆ. ಮಿಲ್ಲಿನ ಗೋಡೆಗೆ ಹೊಂದಿರುವ ಮನೆಯವರು ಈಗಲೇ ಪ್ರತಿಯೊಂದು ಕೋಣೆಯ ನಾಲ್ಕೂ ಗೋಡೆಗಳ ಫೋಟೊವನ್ನು ಆ ದಿನದ ಪತ್ರಿಕೆ ಚಿತ್ರದೊಳಗೆ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಈಗಾಗಲೇ ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿ ತಾರೀಖು ಬರೆಯಿರಿ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆದು ತೋರಿಸುತ್ತದೆ. ಅಗೆಯುವ ಮೊದಲು ಅಕ್ಕಪಕ್ಕದ ಮನೆಗಳ ಜಂಟಿ ಪರಿಶೀಲನೆ ನಡೆಯಬೇಕು, ಗುಂಡಿಯ ಬದಿಗೆ ತಡೆಗೋಡೆಯ ವಿನ್ಯಾಸ ಸಲ್ಲಿಸಬೇಕು ಎಂಬ ಎರಡನ್ನು ಷರತ್ತಾಗಿ ಕೇಳಿ. ಅರ್ಜಿದಾರರಿಗೂ ಇದರಿಂದ ನಷ್ಟವಿಲ್ಲ. ಸುಳ್ಳು ದೂರುಗಳಿಂದ ಅವರನ್ನೂ ಇದೇ ಕಾಪಾಡುತ್ತದೆ.

ಉತ್ತರ, ಕೊಪ್ಪಳದಿಂದ

ಮಾಹಿತಿ ಹಕ್ಕಿನ ಬಗ್ಗೆ ಒಂದೇ ಮಾತು. ಹತ್ತು ರೂಪಾಯಿಯ ಶುಲ್ಕದೊಂದಿಗೆ ಇಂದೇ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಲಿ. ಆದರೆ ಉತ್ತರಕ್ಕೆ 30 ದಿನಗಳ ಅವಧಿ ಇದೆ, ನಿಮ್ಮ ಕೈಯಲ್ಲಿರುವುದು 15ಕ್ಕಿಂತ ಕಡಿಮೆ. ಉತ್ತರ ಬರಲಿ ಎಂದು ಕಾಯುತ್ತ ನಾವು ಆಕ್ಷೇಪಣೆಯ ಗಡುವನ್ನೇ ಕಳೆದುಕೊಂಡೆವು, ಅದರ ನೋವು ಈಗಲೂ ಇದೆ. ಗೊತ್ತಿರುವಷ್ಟನ್ನು ಬರೆದು ಮೊದಲು ಸಲ್ಲಿಸಿ. ಕಡತ ನೋಡಿದ ಮೇಲೆ ಹೆಚ್ಚುವರಿ ಹೇಳಿಕೆ ಕೊಡಲು ಮತ್ತು ಖುದ್ದಾಗಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ಅದೇ ಪತ್ರದಲ್ಲಿ ಕೇಳಿಕೊಳ್ಳಿ. ನಿಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಬೀಳದೆ ಅಲ್ಲಿಂದ ಕದಲಬೇಡಿ.

ಜಾಗದ ಹತ್ತಿರ ರಕ್ಷಿತ ಸ್ಮಾರಕ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ, ಹನ್ನೆರಡನೆಯ ದಿನ, ಒಂದೇ ಪತ್ರದ ಬದಲು ಒಂಬತ್ತು ಮನೆಗಳಿಂದ ಒಂಬತ್ತು ಬೇರೆ ಬೇರೆ ಪತ್ರಗಳನ್ನು ಸಲ್ಲಿಸಿ ಮೊಹರು ಹಾಕಿಸಿಕೊಂಡೆವು. ರಸ್ತೆಯದು ಒಂದು, ನೀರಿನದು ಒಂದು. ಮಿಲ್ಲಿನ ಗೋಡೆಗೆ ಹೊಂದಿರುವ ಮೂರು ಮನೆಗಳವರು ತಮ್ಮ ತಮ್ಮ ಗೋಡೆಗಳ ಬಗ್ಗೆ ಬರೆದಿದ್ದಾರೆ. ಸರಕು ಇಳಿಸುವ ವೇಳೆಯ ಷರತ್ತನ್ನು ಬಳ್ಳಾರಿಯವರ ಮಾತಿನಂತೆ ಸೇರಿಸಿದ್ದೇವೆ. ಕಟ್ಟಡವೇ ಬೇಡ ಎಂದು ಯಾರೂ ಬರೆದಿಲ್ಲ, ಆ ಒಮ್ಮತಕ್ಕೆ ಬರಲು ಎರಡು ರಾತ್ರಿ ಹಿಡಿಯಿತು. ಕಡತದ ನಕ್ಷೆಯನ್ನು ನೋಡಲು ಅವಕಾಶ ಸಿಕ್ಕಿತು. ಮಿಲ್ಲಿನ ಹಿಂಬದಿಯಲ್ಲಿರುವ ತೆರೆದ ಬಾವಿ ಅದರಲ್ಲಿ ಇಲ್ಲವೇ ಇಲ್ಲ. ನಾವು ಚಿಕ್ಕಂದಿನಲ್ಲಿ ಹತ್ತಿಯ ಬೀಜ ಆರಿಸಿಕೊಂಡು ಬಂದು ಅದರ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅದನ್ನು ಉಳಿಸಿಕೊಂಡು ಮಳೆನೀರು ಇಂಗಿಸಲು ಬಳಸಬೇಕೆಂದು ಒಂಬತ್ತನೆಯ ಪತ್ರ. ವಿಚಾರಣೆಗೆ ಮುಂದಿನ ತಿಂಗಳು ಕರೆಯುವುದಾಗಿ ಹೇಳಿದ್ದಾರೆ.

ಉತ್ತರ, ಮತ್ತೆ ಬಳ್ಳಾರಿಯಿಂದ

ಬಾವಿಯ ಫೋಟೊವನ್ನು ದೊಡ್ಡದಾಗಿ ಮುದ್ರಿಸಿ, ಅದು ನಕ್ಷೆಯಲ್ಲಿ ಎಲ್ಲಿ ಬರುತ್ತದೆಂಬುದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಎರಡು ಪ್ರತಿ ಒಯ್ಯಿರಿ. ಒಂದು ಮೇಜಿನ ಮೇಲೆ ಉಳಿಯಲಿ. ಓಣಿಯ ಅಳತೆ ಹಿಡಿದವರೇ ಮಾತನಾಡಲಿ, ಹಿರಿಯರೆಂಬ ಕಾರಣಕ್ಕೆ ಬೇರೆಯವರನ್ನು ಮುಂದೆ ಮಾಡಬೇಡಿ. ಟೇಪನ್ನೂ ಚೀಲದಲ್ಲಿ ಇಟ್ಟುಕೊಂಡಿರಿ. ನಮ್ಮ ಎರಡನೆಯ ವಿಚಾರಣೆಯ ದಿನ ಎಂಜಿನಿಯರ್ ‘ನಡೆಯಿರಿ, ಈಗಲೇ ಅಳೆದು ನೋಡೋಣ’ ಎಂದು ಎದ್ದರು. ನಾವು ಟೇಪ್ ತರಲು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅವರಿಗೆ ಬೇರೆ ಸಭೆಯ ಕರೆ ಬಂದಿತ್ತು, ಆ ಅಳತೆಗಾಗಿ ಮತ್ತೆ ಐದು ವಾರ ಕಾದೆವು.